ಬಂಗಾರದ ಸುದ್ದಿ ಬರುವ ಮೊದಲು ಬೋರಿನ ನೀರು ಪರೀಕ್ಷೆ ಮಾಡಿಸೋಣ

ಮೋಟೆಬೆನ್ನೂರಿನ ಹೈವೇ ಬದಿಯ ಚಹಾದಂಗಡಿಯಲ್ಲಿ ಅರ್ಧ ತಾಸು ಕುಳಿತರೆ ಸಾಕು, ಮಳೆ, ಮೆಣಸಿನಕಾಯಿ ರೇಟು ಮುಗಿದ ಮೇಲೆ ಕೆಲವೊಮ್ಮೆ ಬಂಗಾರದ ಮಾತೂ ಬರುತ್ತದೆ. "ಗಣಜೂರಾಗ ಬಂಗಾರ ಐತಂತ, ನಮ್ಮ ಕಡೀಗೂ ಇರಬಹುದೇನು?" ಅಂತ ಒಬ್ಬರು. "ನಮ್ಮ ಹೊಲದಾಗ ಸಿಕ್ಕರ ಅದು ನಮ್ಮದ ಅಲ್ಲೇನು?" ಅಂತ ಇನ್ನೊಬ್ಬರು. "ಹಂಗಾದ್ರ ಹೊಲ ಈಗ ಮಾರಬೇಕೋ, ಇಟ್ಕೋಬೇಕೋ?" ಅಂತ ಮೂರನೆಯವರು.

ಈ ಮೂರು ಪ್ರಶ್ನೆಗಳಿಗೆ ನಮಗೆ ತಿಳಿದಷ್ಟು ಉತ್ತರ ಹೇಳುತ್ತೇವೆ. ಆಮೇಲೆ, ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯೊಂದಿದೆ. ಈ ಬರಹ ಬರೆದಿರುವುದೇ ಅದಕ್ಕಾಗಿ.

ಮೊದಲ ಪ್ರಶ್ನೆ. ನಮ್ಮ ಕಡೆ ಬಂಗಾರ ಇರಬಹುದೇ? ಇರಬಹುದು. ನಮ್ಮ ಕಾಲ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಂಥ ಕಲ್ಲುಗಳಿಗೆ 'ಧಾರವಾಡ' ಅಂತ ಹೆಸರಿಟ್ಟರು. ಮುಂದೆ ಅದರಲ್ಲೇ ಒಂದು ಪದರಕ್ಕೆ ನಮ್ಮ ಪಕ್ಕದ ರಾಣೆಬೆನ್ನೂರಿನ ಹೆಸರೂ ಬಂತು. ಕೋಲಾರ, ಹಟ್ಟಿ, ಗದಗದ ಬಂಗಾರವೆಲ್ಲ ಸಿಕ್ಕಿದ್ದು ಇಂಥ ಹಳೆಯ ಕಲ್ಲಿನ ಪಟ್ಟಿಗಳಲ್ಲೇ. ಕಪ್ಪತಗುಡ್ಡದ ಕಡೆ ಜಾಲಗಾರರು ಹಳ್ಳದ ಮರಳು ತೊಳೆದು ಬಂಗಾರದ ಪುಡಿ ಆರಿಸುತ್ತಿದ್ದರು. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಗುಂಪು ಕೊರೆದು ನೋಡಿ, ಬಂಗಾರ ಇದೆ ಎಂದು ಗಣಿ ಗುತ್ತಿಗೆಗೆ ಅರ್ಜಿಯನ್ನೂ ಹಾಕಿತ್ತು.

ಆದರೆ ಬಂಗಾರ ಇದ್ದ ಮಾತ್ರಕ್ಕೆ ಗಣಿ ಆಗುವುದಿಲ್ಲ. ಮೊದಲು ಮಣ್ಣಿನ ಮಾದರಿ ತೆಗೆಯುತ್ತಾರೆ, ಕಾಲುವೆ ತೋಡಿ ಕಲ್ಲು ನೋಡುತ್ತಾರೆ, ಕೊನೆಗೆ ಯಂತ್ರ ತಂದು ಕೊರೆಯುತ್ತಾರೆ. ನೀರಿನ ಬೋರಿನಲ್ಲಿ ಪುಡಿ ಬರುತ್ತದಲ್ಲ, ಇಲ್ಲಿ ಕಬ್ಬಿನ ತುಂಡಿನ ಹಾಗೆ ಉದ್ದುದ್ದ ಕಲ್ಲಿನ ಕೋಲು ಬರುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಸೀಳಿ, ಲ್ಯಾಬಿಗೆ ಕಳಿಸಿ, ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಬಂಗಾರ ಇದೆ ಅಂತ ಲೆಕ್ಕ ಹಾಕುತ್ತಾರೆ. ಟನ್ನಿಗೆ ಮೂರು ಗ್ರಾಂ ಇದ್ದರೂ ಚಲೋ ಅಂತಲೇ ಲೆಕ್ಕ. ಅಂದರೆ ಹತ್ತು ಗ್ರಾಂ ಬಂಗಾರಕ್ಕೆ ಮೂರು ಟನ್ನಿಗೂ ಹೆಚ್ಚು ಕಲ್ಲು ಒಡೆಯಬೇಕು, ಹತ್ತಿರಹತ್ತಿರ ಒಂದು ಟ್ರ್ಯಾಕ್ಟರ್ ಟ್ರೇಲಿ ತುಂಬ. ಬಂಗಾರ ಊರು ಬಿಟ್ಟು ಹೋಗುತ್ತದೆ, ಟ್ರೇಲಿಯಷ್ಟು ಪುಡಿ ಊರಲ್ಲೇ ಉಳಿಯುತ್ತದೆ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಸಯನೈಡ್ ದಿಬ್ಬಗಳು ಇವತ್ತಿಗೂ ಅಲ್ಲೇ ಇವೆ. ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರ ತೆಗೆಯುತ್ತಿದ್ದರು, ಅದೂ ನಿಂತುಹೋಯಿತು. ನಮ್ಮ ರಾಜ್ಯದಲ್ಲಿ ಈಗ ದೊಡ್ಡ ಮಟ್ಟದಲ್ಲಿ ಬಂಗಾರ ತೆಗೆಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ.

ಎರಡನೆಯ ಪ್ರಶ್ನೆ. ನಮ್ಮ ಹೊಲದಲ್ಲಿ ಸಿಕ್ಕ ಬಂಗಾರ ಯಾರದು? ನಮ್ಮದಲ್ಲ. ಉತಾರದಲ್ಲಿ ನಮ್ಮ ಹೆಸರಿದ್ದರೂ, ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ ಪ್ರಕಾರ ನೆಲದ ಕೆಳಗಿನ ಖನಿಜ ಸರ್ಕಾರದ್ದು. ಹಾಗಂತ ನಮಗೆ ಏನೂ ಇಲ್ಲ ಅಂತಲ್ಲ. 1957ರ ಗಣಿ ಕಾಯ್ದೆಯ 24ಎ ಕಲಂ ಪ್ರಕಾರ, ಹುಡುಕಾಟದಿಂದ ಹೊಲಕ್ಕೆ ಹಾನಿಯಾದರೆ ಹೊಲದವರಿಗೆ ಪರಿಹಾರ ಕೊಡಬೇಕು. ಬೆಳೆ ತುಳಿದರೂ, ಬದು ಒಡೆದರೂ ಕೇಳುವ ಹಕ್ಕಿದೆ. ಬಾಯಿಮಾತಿಗೆ ಒಪ್ಪದೆ ಕಾಗದದಲ್ಲಿ ಬರೆಸಿಕೊಳ್ಳಿ.

ಮೂರನೆಯ ಪ್ರಶ್ನೆ. ಹೊಲ ಮಾರಬೇಕೇ? ಬಂಗಾರದ ಸುದ್ದಿ ಕೇಳಿ ಮಾರಬೇಡಿ, ಬಂಗಾರದ ಸುದ್ದಿ ಕೇಳಿ ಸಾಲ ಮಾಡಿ ಕೊಳ್ಳಲೂ ಬೇಡಿ. ಹುಡುಕಾಟ ಶುರುವಾಗಿ ಗಣಿ ಆಗುವುದರೊಳಗೆ ಒಂದು ತಲೆಮಾರೇ ಕಳೆಯಬಹುದು. ನಡುವೆ ಕಾನೂನೂ ಬದಲಾಗುತ್ತದೆ. 2015ರಲ್ಲಿ ಗಣಿಗಳಿಗೆ ಹರಾಜು ಪದ್ಧತಿ ಬಂತು. ಮೊದಲೇ ಹುಡುಕಾಟ ಮಾಡಿ ಗುತ್ತಿಗೆಗೆ ಕಾಯುತ್ತಿದ್ದವರಿಗೆ ಇಟ್ಟಿದ್ದ ಹಕ್ಕನ್ನು 2021ರ ತಿದ್ದುಪಡಿ ತೆಗೆದುಹಾಕಿತು. 2023ರಲ್ಲಿ ಬಂಗಾರ, ತಾಮ್ರ ಸೇರಿ 29 ಖನಿಜಗಳಿಗೆ 'ಅನ್ವೇಷಣಾ ಪರವಾನಗಿ' ಅಂತ ಹೊಸ ದಾರಿ ತೆರೆಯಿತು. ಈ ದಾರಿಯಲ್ಲಿ ಖಾಸಗಿಯವರು ಹುಡುಕಾಟಕ್ಕೆ ಹೆಚ್ಚು ಬರಲಿ ಎಂಬುದೇ ಸರ್ಕಾರದ ಉದ್ದೇಶ. ಹಾಗಾಗಿ ಕೊರೆಯುವ ಯಂತ್ರ ನಮ್ಮ ಕಡೆ ಬಂದರೆ ಆಶ್ಚರ್ಯಪಡಬೇಕಿಲ್ಲ.

ಈಗ ನಾಲ್ಕನೆಯ ಪ್ರಶ್ನೆ. ನಮ್ಮ ನೀರು ಈಗ ಹೇಗಿದೆ?

ಗಣಜೂರಿನ ಬಂಗಾರ ಇರುವುದು ಗಟ್ಟಿ ಚರ್ಟ್ ಕಲ್ಲಿನಲ್ಲಿ, ಗಂಧಕ ಬೆರೆತ ಖನಿಜಗಳ ಜೊತೆ. ಅದರಲ್ಲೊಂದರ ಹೆಸರು ಆರ್ಸೆನೋಪೈರೈಟ್. ಹೆಸರಿನಲ್ಲೇ ಆರ್ಸೆನಿಕ್ ಇದೆ, ಅಂದರೆ ಪಾಷಾಣ. ಕಲ್ಲು ನೆಲದೊಳಗೆ ಮುಚ್ಚಿಕೊಂಡು ಬಿದ್ದಿರುವತನಕ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಒಡೆದು ಪುಡಿಯಾಗಿ ಗಾಳಿ, ಮಳೆಗೆ ಸಿಕ್ಕರೆ ಕರಗಿ ನೀರಿಗೆ ಸೇರಬಹುದು. ಕೆಲವು ಕಡೆ ಗಣಿಯೇ ಇಲ್ಲದೆಯೂ ಕಲ್ಲಿನಿಂದ ನೀರಿಗೆ ಬರುತ್ತದೆ. ಯಾದಗಿರಿ ಜಿಲ್ಲೆಯಲ್ಲಿ, ಮುಚ್ಚಿದ ಹಳೆಯ ಬಂಗಾರದ ಗಣಿಯೊಂದರ ಹತ್ತಿರದ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಜನರ ಚರ್ಮದ ಮೇಲೆ ಅದು ಕಾಣಿಸಿಕೊಂಡ ಮೇಲೆಯೇ ಹೊರಗಿನವರಿಗೆ ಗೊತ್ತಾಗಿದ್ದು.

ನಾಳೆ ನಮ್ಮ ಕಡೆ ಯಾರದೋ ಬೋರಿನ ನೀರು ಕೆಟ್ಟರೆ ಏನಾಗುತ್ತದೆ ನೋಡಿ. ರೈತ "ಗಣಿಯಿಂದ ಕೆಟ್ಟಿತು" ಅನ್ನುತ್ತಾನೆ. ಕಂಪನಿ "ಮೊದಲಿಂದಲೂ ಹೀಗೇ ಇತ್ತು" ಅನ್ನುತ್ತದೆ. ಯಾರ ಮಾತು ನಿಜ? ಮೊದಲು ಹೇಗಿತ್ತು ಅನ್ನುವ ಕಾಗದ ಯಾರ ಹತ್ತಿರ ಇದೆಯೋ ಅವರ ಮಾತು ನಿಲ್ಲುತ್ತದೆ. ಇವತ್ತು ಆ ಕಾಗದ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ?

ಅದಕ್ಕೇ ನಾವು ಹೇಳುವುದು: ಮೊದಲ ಯಂತ್ರ ಊರಿಗೆ ಬರುವ ಮುಂಚೆ ನೀರು ಪರೀಕ್ಷೆ ಆಗಬೇಕು. ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರಿನ ಲ್ಯಾಬ್ ಇದೆ. ಮಾದರಿ ಕೊಡುವಾಗ "ಆರ್ಸೆನಿಕ್ ನೋಡಬೇಕು" ಅಂತ ಹೆಸರು ಹಿಡಿದು ಕೇಳಿ, ಯಾಕೆಂದರೆ ಮಾಮೂಲಿ ಪರೀಕ್ಷೆ ಫ್ಲೋರೈಡ್, ಗಡಸುತನಕ್ಕೇ ಮುಗಿಯಬಹುದು. ಲೀಟರಿಗೆ 0.01 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಗ್ರಾಮ ಪಂಚಾಯಿತಿಯೇ ನಾಲ್ಕು ದಿಕ್ಕಿನ ಬೋರು, ಕೆರೆ, ಬಾವಿಗಳ ಮಾದರಿ ಕಳಿಸಿ ವರದಿಯನ್ನು ಕಡತದಲ್ಲಿಡಲಿ. ಗಣಿ ಬರದೇ ಹೋದರೂ ಈ ಖರ್ಚು ದಂಡವಲ್ಲ, ಮಕ್ಕಳು ಕುಡಿಯುವ ನೀರಿನ ಲೆಕ್ಕ ಸಿಕ್ಕ ಹಾಗಾಯಿತು.

ಇನ್ನೊಂದು ಬೇಡಿಕೆ ಸರ್ಕಾರಕ್ಕೆ. ಷೇರು ಪೇಟೆಯಲ್ಲಿರುವ ಕಂಪನಿ ಕೊರೆದು ಬಂಗಾರ ಕಂಡರೆ, ಅಂಥ ಮುಖ್ಯ ಸುದ್ದಿಯನ್ನು ಷೇರು ಪೇಟೆಗೆ ತಿಳಿಸಲೇಬೇಕು. ಮುಂಬೈಯಲ್ಲಿ ಷೇರು ಕೊಂಡವರು ಅದನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಯಾರ ಹೊಲದಲ್ಲಿ ಕೊರೆದರೋ ಅವರಿಗೆ ಮಾತ್ರ ವಾಟ್ಸಾಪ್ ಗಾಳಿಸುದ್ದಿಯೇ ಗತಿ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರೇಟು ಅವತ್ತಿಗವತ್ತೇ ನಮ್ಮ ಮೊಬೈಲಿಗೆ ಬರುತ್ತದೆ. ನಮ್ಮ ಹೊಲದ ಕೆಳಗಿನ ಕಲ್ಲಿನ ಸುದ್ದಿ ಯಾಕೆ ಬರಬಾರದು? ಎಲ್ಲಿ ಕೊರೆದರು, ಎಷ್ಟು ಆಳ, ಏನು ಸಿಕ್ಕಿತು, ಕೊರೆದ ಕುಳಿ ಮುಚ್ಚಿದರೋ ಇಲ್ಲವೋ, ಇಷ್ಟನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿಸಬೇಕು. ಗಣಿಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ಇರುತ್ತದೆ, ನಿಜ. ಆದರೆ ಅಷ್ಟು ಹೊತ್ತಿಗೆ ಎಲ್ಲ ಲೆಕ್ಕ ಅವರ ಕೈಯಲ್ಲಿ ಇರುತ್ತದೆ, ನಮ್ಮ ಕೈ ಖಾಲಿ ಇರುತ್ತದೆ. ಖಾಲಿ ಕೈಯಲ್ಲಿ ಹೋದವರು ಕೂಗಿ ಬರುತ್ತಾರೆ, ಅಷ್ಟೇ.

ನಾವು ಗಣಿ ಬೇಕು ಅಂತಲೂ ಹೇಳುತ್ತಿಲ್ಲ, ಬೇಡ ಅಂತಲೂ ಹೇಳುತ್ತಿಲ್ಲ. ಕೆಲಸ ಬೇಕು ಅನ್ನುವ ಹುಡುಗರೂ ನಮ್ಮವರೇ, ಹೊಲ ಬಿಡಲ್ಲ ಅನ್ನುವ ಹಿರಿಯರೂ ನಮ್ಮವರೇ. ಗೊತ್ತಿದ್ದು ಹೂಂ ಅನ್ನೋಣ, ಗೊತ್ತಿದ್ದು ಊಹೂಂ ಅನ್ನೋಣ.

ನೆಲದಿಂದ ಬರುವ ವಸ್ತುವಿನ ಮೇಲೆ ಜನರ ಹಕ್ಕೇನು ಅನ್ನುವ ಪ್ರಶ್ನೆ ಈ ಊರಿಗೆ ಹೊಸದಲ್ಲ. 1930ರಲ್ಲಿ ಗಾಂಧೀಜಿಯ ಜೊತೆ ಉಪ್ಪಿಗಾಗಿ ದಂಡಿಗೆ ನಡೆದ ಮೈಲಾರ ಮಹಾದೇವಪ್ಪ ಇದೇ ಮೋಟೆಬೆನ್ನೂರಿನವರು. ಅವರು ಅಷ್ಟು ದೂರ ನಡೆದರು. ನಾವು ಒಂದು ಬಾಟಲಿ ನೀರು ತುಂಬಿಕೊಂಡು ಹಾವೇರಿ ತನಕ ಹೋಗಿ ಬಂದರೆ ಸಾಕು.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳುತ್ತೀರಲ್ಲ?