ಹಾಸಿಗೆ ಹಿಡಿದರಷ್ಟೇ ವಿಮೆಯೇ? ವಿಕಲಚೇತನ ಮಕ್ಕಳ ಪೋಷಕರ ಹಕ್ಕೊತ್ತಾಯ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯಮಂತ್ರಿಗಳಿಗೆ ಹಾಗೂ ಆರೋಗ್ಯ ಸಚಿವರಿಗೆ

ಮಾನ್ಯರೇ,

ನಮ್ಮ ಮಕ್ಕಳ ಖರ್ಚು ವಾರ್ಡಿನಲ್ಲಿ ಆಗುವುದಕ್ಕಿಂತ ಹೆಚ್ಚಾಗಿ ಹೊರಗೇ ಆಗುತ್ತದೆ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ಮೂರ್ಛೆರೋಗದ ಮಾತ್ರೆ, ಮಗು ಬೆಳೆದಂತೆ ಬದಲಿಸಲೇಬೇಕಾದ ಕ್ಯಾಲಿಪರ್, ಇವಕ್ಕೆಲ್ಲ ಓಡಾಡುವ ಆಟೊ ಬಾಡಿಗೆ. ರಾಜ್ಯ ಸರ್ಕಾರದ ವಿಮೆ ಈ ಲೆಕ್ಕವನ್ನು ನೋಡುವುದೇ ಇಲ್ಲ. ಆದ್ದರಿಂದ ನಮ್ಮ ಒತ್ತಾಯಗಳು:

1. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಥೆರಪಿಯೂ ಸೇರಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಸಣ್ಣದೇನಲ್ಲ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಗು ವರ್ಷವಿಡೀ ಪಡೆಯಬೇಕಾದ ಫಿಸಿಯೋಥೆರಪಿ ಹೊರರೋಗಿ ಚಿಕಿತ್ಸೆ. ಅದಕ್ಕೆ ಆ ಹಣ ದಕ್ಕದು. ಸ್ನಾಯು ಸೆಟೆದು ಕಾಲು ಶಸ್ತ್ರಚಿಕಿತ್ಸೆಯ ಹಂತಕ್ಕೆ ಬಂದ ಮೇಲೆ ಯೋಜನೆಯ ಕಾರ್ಡಿಗೆ ಜೀವ ಬರುತ್ತದೆ! ತಡೆಯುವ ಚಿಕಿತ್ಸೆಗೆ ಕೊಡದೆ, ತಡೆಯಬಹುದಾಗಿದ್ದ ಶಸ್ತ್ರಚಿಕಿತ್ಸೆಗೆ ಕೊಡುವುದು ಖಜಾನೆಗೂ ನಷ್ಟವೇ. ಥೆರಪಿ, ಔಷಧ, ಸಾಧನಗಳಿಗೆ ಪ್ರತ್ಯೇಕ ಹೊರರೋಗಿ ಪ್ಯಾಕೇಜ್ ಮಾಡಿ.

2. ರೇಷನ್ ಕಾರ್ಡಿನ ಬಣ್ಣ ನೋಡಿ ಮಗುವಿನ ಚಿಕಿತ್ಸೆ ನಿರ್ಧರಿಸಬೇಡಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಮಗುವನ್ನು ನೋಡಿಕೊಳ್ಳಲು ತಾಯಿ ಕೆಲಸ ಬಿಟ್ಟಿರುತ್ತಾಳೆ. ಕಾರ್ಡು ಮಾತ್ರ ಎಪಿಎಲ್ ಆಗಿಯೇ ಉಳಿದಿರುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇರುವ ಪ್ರತಿ ಮಗುವಿಗೂ ಪೂರ್ಣ ರಕ್ಷಣೆ ಬೇಕು.

3. ನಿರಾಮಯದ ಬಾಗಿಲು ಎಲ್ಲ ಮಕ್ಕಳಿಗೂ ತೆರೆಯಲಿ. ಕೇಂದ್ರದ ರಾಷ್ಟ್ರೀಯ ನ್ಯಾಸದ ಈ ವಿಮೆ 1 ಲಕ್ಷ ರೂಪಾಯಿಯದು. ಮೊದಲೇ ಇದ್ದ ಕಾಯಿಲೆ ಎಂದು ತಳ್ಳಿಹಾಕದೆ, ಥೆರಪಿಗೂ ಹಣ ಕೊಡುವ ಯೋಜನೆ ಇದು. ಒಳ್ಳೆಯದು ಎಂದೇ ಹೇಳುತ್ತೇವೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ್ದು 21 ವಿಕಲತೆಗಳನ್ನು; ನಿರಾಮಯ ಸೇರಿಸಿಕೊಳ್ಳುವುದು ನಾಲ್ಕನ್ನು: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ. ಮಸ್ಕ್ಯುಲರ್ ಡಿಸ್ಟ್ರೋಫಿ, ಹಿಮೋಫಿಲಿಯಾ, ಥಲಸೇಮಿಯಾ ಇರುವ ಮಕ್ಕಳು ಎಲ್ಲಿಗೆ ಹೋಗಬೇಕು? ಕೇಂದ್ರದ ಮೇಲೆ ಒತ್ತಡ ತನ್ನಿ. ಅಲ್ಲಿಯವರೆಗೆ ಇದೇ ಮಾದರಿಯ ರಾಜ್ಯದ ವಿಮೆ ತನ್ನಿ.

4. ಕೈಯಿಂದ ಕಟ್ಟಿ ಆಮೇಲೆ ಬಿಲ್ ಹಿಡಿದು ಕ್ಲೇಮಿಗೆ ಕಾಯುವ ಪದ್ಧತಿ ಕೊನೆಯಾಗಲಿ. ನಿರಾಮಯ ನಡೆಯುವುದೇ ಹೀಗೆ. ಕೂಲಿಯವರ ಕೈಯಲ್ಲಿ ಮೊದಲು ಕಟ್ಟಲು ದುಡ್ಡೆಲ್ಲಿದೆ? ನಗದುರಹಿತ ಚಿಕಿತ್ಸೆ ಕೊಡಿ. ಆಜೀವ ವಿಕಲತೆಗೆ ವರ್ಷವರ್ಷವೂ ನವೀಕರಣದ ಅರ್ಜಿ ಬೇಡ, ತಾನಾಗಿ ಮುಂದುವರಿಯಲಿ.

5. ನೋಂದಣಿ, ಕ್ಲೇಮು ಎರಡೂ ಗ್ರಾಮ ಪಂಚಾಯಿತಿಯಲ್ಲೇ ಆಗಲಿ. ಅಲ್ಲಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತರಬೇತಿ ಕೊಡಿ, ಹೆಚ್ಚುವರಿ ಗೌರವಧನವನ್ನೂ ಕೊಡಿ. ಪುಕ್ಕಟೆ ಕೆಲಸ ಅವರ ಹೆಗಲಿಗೂ ಬೇಡ.

6. ಕಾನೂನನ್ನು ಪಾಲಿಸಿ. ಬೇರಾವ ಸರ್ಕಾರಿ ವಿಮೆಗೂ ಸೇರದ ವಿಕಲಚೇತನರಿಗೆ ಸಮಗ್ರ ವಿಮಾ ಯೋಜನೆ ಇರಬೇಕು ಎಂದು 2016ರ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತೂ ಅಲ್ಲೇ ಇದೆ, ಬಲ್ಲೆವು. ಆ ಮಿತಿ ಎಷ್ಟೆಂದು ಬರುವ ಬಜೆಟ್‌ನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ, ರೂಪಾಯಿಗಳಲ್ಲಿ ಬರೆದು ತಿಳಿಸಿ ಎಂದು ಆಗ್ರಹಿಸುತ್ತೇವೆ.

ಇಂತಿ,
ವಿಕಲಚೇತನ ಮಕ್ಕಳ ಪೋಷಕರು