ಕಂಪನಿಯ ಲೆಕ್ಕದಲ್ಲಿ ರೈತನ ಕಾಲಂ ಎಲ್ಲಿ?



ವಿಮಾ ಕಂಪನಿಯ ದೊಡ್ಡ ಸಾಹೇಬರು ಯಾವ ಲೆಕ್ಕ ನೋಡ್ತಾರೆ? ಪ್ರೀಮಿಯಂ ಎಷ್ಟು ಬಂತು, ನೂರು ರೂಪಾಯಿ ಪ್ರೀಮಿಯಂಗೆ ಪರಿಹಾರ ಎಷ್ಟು ಹೋಯ್ತು. ನೋಡಲಿ, ಅಂಗಡಿ ಇಟ್ಟವನು ಗಲ್ಲಾ ನೋಡಲೇಬೇಕು. ಆದರೆ ಈ ಅಂಗಡಿಗೆ ದುಡ್ಡು ಸುರಿಯೋರು ಯಾರು? 2016ರ ಮುಂಗಾರಿನಿಂದ ನಡೆದಿರುವ ಫಸಲ್ ಬಿಮಾದಲ್ಲಿ ಮುಂಗಾರು ಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟೋದು ವಿಮಾ ಮೊತ್ತದ ಶೇಕಡ 2, ಹಿಂಗಾರಿಗೆ 1.5. ಮಿಕ್ಕಿದ್ದು ಕೇಂದ್ರ, ರಾಜ್ಯಗಳ ಖಜಾನೆಯಿಂದ. ಅದೂ ಜನರ ದುಡ್ಡೇ. 2011ರಿಂದ 2016ರವರೆಗಿನ ಬೆಳೆ ವಿಮೆಗಳನ್ನು ತನಿಖೆ ಮಾಡಿದ ಸಿಎಜಿ, ಫಲಾನುಭವಿ ರೈತರ ಮಾಹಿತಿಯನ್ನೇ ಸರ್ಕಾರಗಳು ಇಟ್ಟಿಲ್ಲ ಎಂದು 2017ರಲ್ಲಿ ಬರೆಯಿತು. ದುಡ್ಡು ಕೊಟ್ಟವನಿಗೆ ಯಾರಿಗೆ ಮುಟ್ಟಿತು ಅನ್ನೋದೇ ಗೊತ್ತಿಲ್ಲ! ಈಗ ಸಂರಕ್ಷಣೆ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ಕಾಣುತ್ತೆ, ಅಷ್ಟು ಒಪ್ಪೋಣ.

ಪರಿಹಾರ ಯಾಕೆ ತಡ ಅಂತ ಕೇಳಿ ನೋಡಿ. ಕಂಪನಿ ರಾಜ್ಯದ ಪಾಲು ಬಂದಿಲ್ಲ ಅನ್ನುತ್ತೆ. ಇಲಾಖೆಯವರು ಇಳುವರಿ ಅಂಕಿಗೆ ಕಂಪನಿಯದೇ ತಕರಾರು ಅಂತಾರೆ. ಬ್ಯಾಂಕಿನವರಿಗೆ ಆಧಾರ್ ಜೋಡಣೆ ಆಗಿಲ್ಲ. ಹಾಗಾದರೆ ಸಾಹೇಬರ ಲೆಕ್ಕದಲ್ಲಿ ನಾಲ್ಕು ತಾರೀಖು ಬರೀರಿ: ಬೆಳೆ ಕಟಾವು ಪ್ರಯೋಗ ಆದ ದಿನ, ಅದರ ಅಂಕಿ ಕಂಪನಿಗೆ ಮುಟ್ಟಿದ ದಿನ, ಸರ್ಕಾರದ ಪಾಲು ಬಂದ ದಿನ, ರೈತನ ಖಾತೆಗೆ ಜಮೆ ಆದ ದಿನ. ಯಾರ ಮೇಜಿನ ಮೇಲೆ ಎಷ್ಟು ದಿನ ಕೊಳೆಯಿತು ಅಂತ ಏಳನೇ ಕ್ಲಾಸಿನ ಹುಡುಗ ಕಳೆದು ಹೇಳ್ತಾನೆ. ತಡಕ್ಕೆ ಶೇಕಡ 12 ಬಡ್ಡಿ ಅಂತ 2018ರಲ್ಲೇ ನಿಯಮ ಮಾಡಿದ್ದಾರೆ. ತಾರೀಖನ್ನೇ ಬಚ್ಚಿಟ್ಟರೆ ಬಡ್ಡಿ ಯಾವತ್ತಿನಿಂದ ಎಣಿಸೋಣ? ಗಡುವು ಮೀರಿದ ನಮ್ಮ ಸೊಸೈಟಿ ಸಾಲಕ್ಕೆ ಮಾತ್ರ ಯಾರೂ ದಿನ ಮರೆಯೋದಿಲ್ಲ.

ಇನ್ನು ಇಳುವರಿ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಗೆ 4 ಕಟಾವು ಪ್ರಯೋಗ. ಖಾತರಿ ಇಳುವರಿ ಎಕರೆಗೆ 10 ಕ್ವಿಂಟಾಲ್ ಇದ್ದು, ಪ್ರಯೋಗದ ಸರಾಸರಿ 7 ಬಂದರೆ ವಿಮಾ ಮೊತ್ತದ ಶೇಕಡ 30 ಸಿಗಬೇಕು. ಅದೇ 10 ಅಂತ ಬರೆದರೆ ಇಡೀ ಪಂಚಾಯ್ತಿಗೆ ಸೊನ್ನೆ. ಆ ನಾಲ್ಕು ಸರ್ವೆ ನಂಬರು, ನಾಲ್ಕು ತೂಕ ಪಂಚಾಯ್ತಿ ಬೋರ್ಡಿಗೆ ಅಂಟಿಸಿ ಸ್ವಾಮಿ. ಪಕ್ಕದ ಪಂಚಾಯ್ತಿಗೂ ಇದಕ್ಕೂ ಅಜಗಜಾಂತರ ಇದ್ದರೆ ಕಂಪನಿಗೂ ಆಗಲೇ ತಿಳೀತದೆ.

ತಿರಸ್ಕಾರವಾದ ಅರ್ಜಿಗಳಿಗೂ ಕಾರಣವಾರು ಪಟ್ಟಿ ಬೇಕು. ಬೆಳೆ ಸಮೀಕ್ಷೆಯಲ್ಲಿ ರಾಗಿ ಹೊಲಕ್ಕೆ ಜೋಳ ಬರೆದದ್ದು ರೈತನ ತಪ್ಪೇ?

2020ರ ಮುಂಗಾರಿನಿಂದ ಸಾಲಗಾರ ರೈತನಿಗೂ ವಿಮೆ ಕಡ್ಡಾಯವಲ್ಲ. ಬೇಡವಾದವರು ಕಡೇ ದಿನಕ್ಕೆ 7 ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಖಾತೆಯಿಂದ ಮುರಿದುಕೊಳ್ತಾರೆ. ಹಾಗೆ ಬರೆದುಕೊಟ್ಟು ಹೋದವರು ಎಷ್ಟು, ಯಾಕೆ ಹೋದರು ಅನ್ನೋದಕ್ಕೂ ಸಾಹೇಬರು ಒಂದು ಕಾಲಂ ಹಾಕಿಕೊಳ್ಳಲಿ.