ವಿದ್ಯುತ್ ಉಳಿತಾಯ: ಉಪನ್ಯಾಸ ಸಾಕು, ಆಟ ಆಗಲಿ



ನವೆಂಬರ್ 14ಕ್ಕೆ ಸಹಕಾರ ಸಪ್ತಾಹ ಆರಂಭ. ಅಲ್ಲಿಂದ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 14ರಂದು, ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಎರಡಕ್ಕೂ ನಾವು ಮಾಡುವುದು ಒಂದೇ: ಶಾಮಿಯಾನ, ಹಾರ, ಒಬ್ಬ ಅತಿಥಿ, ಒಂದು ಗಂಟೆಯ ಉಪನ್ಯಾಸ, ಆಮೇಲೆ ಊಟ. ಊಟ ಹೇಗಿತ್ತೆಂದು ವರ್ಷವಿಡೀ ಮಾತಾಗುತ್ತದೆ. ಉಪನ್ಯಾಸದಲ್ಲಿ ಏನಿತ್ತೆಂದು ಕೇಳಿದರೆ ಕಾರ್ಯದರ್ಶಿಯಾದ ನನಗೇ ಹೇಳಲು ಬಾರದು. ಆ ಹೊತ್ತಿಗೆ ನಾನು ಅಡುಗೆಯವರ ಲೆಕ್ಕ ನೋಡುತ್ತಿರುತ್ತೇನೆ.

ಕಳೆದ ಸಲ ಉಪನ್ಯಾಸ ಬಿಟ್ಟು ಓಲ್ಡ್ ಟೌನಿನ ನಮ್ಮ ಗೋದಾಮಿನ ಅಂಗಳದಲ್ಲಿ ಆಟ ಆಡಿಸಿದೆವು. ಅದು ಉಪನ್ಯಾಸಕ್ಕಿಂತ ಮೇಲೆಂದು ನನ್ನ ಅಭಿಪ್ರಾಯ. ಒಪ್ಪದವರು ಆಡಳಿತ ಮಂಡಳಿಯಲ್ಲೇ ಇದ್ದಾರೆ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲನೆಯದು ನೀರಿನ ಆಟ. ಅಂಗಳದಲ್ಲಿ ಒಂದು ಡ್ರಮ್ಮು, ಮೂರು ಮೀಟರ್ ಮೇಲೆ ಗೋದಾಮಿನ ಅಟ್ಟದಲ್ಲಿ ಇನ್ನೊಂದು. ಮೆಟ್ಟಿಲ ಮೇಲೆ ಹತ್ತು ಜನ ಸಾಲಾಗಿ ನಿಂತು ಹತ್ತು ಲೀಟರಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಬೇಕು. ಮೇಲೆ ಸುರಿದದ್ದು ಪೈಪಿನಲ್ಲಿ ಮತ್ತೆ ಕೆಳಗೇ ಬರುತ್ತದೆ, ನೀರು ದಂಡವಿಲ್ಲ. ಗೆದ್ದ ತಂಡದವರು ಅರ್ಧ ಗಂಟೆಯಲ್ಲಿ 200 ಬಕೆಟ್ ಏರಿಸಿದರು. ಎಲ್ಲರ ಅಂಗಿ ಒದ್ದೆ, ಅರ್ಧ ನೀರಿನಿಂದ, ಅರ್ಧ ಬೆವರಿನಿಂದ.

ಆಮೇಲೆ ಕರಿಹಲಗೆಯ ಮೇಲೆ ಲೆಕ್ಕ. 2,000 ಲೀಟರ್ ಅಂದರೆ ಎರಡು ಟನ್. ಎರಡು ಟನ್ನನ್ನು ಮೂರು ಮೀಟರ್ ಎತ್ತಲು ಬೇಕಾದ ಶಕ್ತಿ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು 60ನೆಯ ಒಂದು ಪಾಲು. ಅಷ್ಟರಲ್ಲಿ ಹಳೆಯ 60 ವ್ಯಾಟಿನ ಬಲ್ಬು 16 ನಿಮಿಷ ಉರಿದೀತು. 9 ವ್ಯಾಟಿನ ಎಲ್‌ಇಡಿ ಬಲ್ಬಾದರೆ ಒಂದೂ ಮುಕ್ಕಾಲು ಗಂಟೆ ದಾಟೀತು. ನಮ್ಮ ತೋಟದ 5 ಎಚ್.ಪಿ. ಪಂಪು ಎಷ್ಟು ಹೊತ್ತು ಓಡೀತು ಎಂದು ಕೇಳಿದೆ. ಒಬ್ಬರು ಹತ್ತು ನಿಮಿಷ ಎಂದರು, ಇನ್ನೊಬ್ಬರು ಐದು. ಗಂಟೆಗೆ ನಾಲ್ಕೂವರೆ ಯೂನಿಟ್ ಎಳೆಯುವ ಪಂಪು ಅದು. 13 ಸೆಕೆಂಡು ಓಡುತ್ತದೆ, ಅಷ್ಟೇ. ಬಸಿಗಾಲುವೆ ಉಕ್ಕಿ ಹಳ್ಳ ಸೇರುವಂತೆ ಒಂದು ಗಂಟೆ ಅದನ್ನು ಸುಮ್ಮನೆ ಬಿಟ್ಟರೆ, ಹತ್ತು ಜನರ ಇಂಥ 270 ಆಟ ನೀರು ಪಾಲು.

ಆಗ ಹಿಂದಿನ ಬೆಂಚಿನಿಂದ ಹಿರಿಯ ಸದಸ್ಯರೊಬ್ಬರು ಎದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ ತೋಟ ಮುಳುಗಿ, ಹುಡುಗರಾಗಿ ಈ ಕಡೆಗೆ ಬಂದವರು. "ನಮ್ಮ ಮನೆ ಮುಳುಗಿಸಿ ತೆಗೆದ ಕರೆಂಟು ಇದು. ನಾವೇ ಅದನ್ನ ಹಳ್ಳಕ್ಕೆ ಬಿಡ್ತಾ ಇದೀವಲ್ರೀ ಮಾರಾಯ್ರೆ" ಎಂದು ಕೂತರು. ಆ ಮೇಲೆ ನಾನು ಏನೂ ಹೇಳಲು ಹೋಗಲಿಲ್ಲ.

"10 ಎಚ್.ಪಿ.ವರೆಗೆ ಪುಕ್ಕಟೆ ಇದ್ದಮೇಲೆ ಉಳಿಸಿ ಏನು ಲಾಭ ರಾಯರೇ?" ಎಂಬ ಪ್ರಶ್ನೆ ಇದ್ದೇ ಇದೆ. 2008ರಿಂದ ಪಂಪುಸೆಟ್ಟಿಗೆ ಬಿಲ್ಲಿಲ್ಲ, ನಿಜ. ಆದರೆ ಸುಟ್ಟ ಮೋಟಾರು ಸುತ್ತಿಸಲು ಯಾರೂ ಪುಕ್ಕಟೆ ಮಾಡಿಕೊಡುವುದಿಲ್ಲ. ಇದಕ್ಕೇ ಎರಡನೆಯ ಆಟ. ಗೋದಾಮಿನ ಹಮಾಲಿಯೊಬ್ಬರು ಸುಣ್ಣದ ವೃತ್ತದೊಳಗೆ ಹಗ್ಗ ಹಿಡಿದು ನಿಂತರು, ಅವರು ಟ್ರಾನ್ಸ್‌ಫಾರ್ಮರು. ಎದುರು ಮಕ್ಕಳು, ಒಬ್ಬೊಬ್ಬರು ಒಂದೊಂದು ಪಂಪು. ಒಬ್ಬೊಬ್ಬರಾಗಿ ಹಗ್ಗಕ್ಕೆ ಕೈ ಹಾಕಿದಾಗ ನಾಲ್ಕು ಮಕ್ಕಳವರೆಗೆ ಅಲುಗಾಡಲಿಲ್ಲ. ಸೀಟಿ ಊದಿ ನಾಲ್ವರೂ ಒಟ್ಟಿಗೆ ಜಗ್ಗಿದಾಗ ಒಂದೇ ಏಟಿಗೆ ವೃತ್ತದ ಹೊರಗೆ! ನಮ್ಮಲ್ಲಿ ದಿನಾ ನಡೆಯುವುದು ಇದೇ. 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರು 5 ಎಚ್.ಪಿ.ಯ ನಾಲ್ಕು ಪಂಪು ತಾಳಿಕೊಂಡೀತು. ಮೋಟಾರು ಶುರುವಾಗುವ ಗಳಿಗೆಯಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ, ತ್ರೀ ಫೇಸ್ ಬಂದ ಕೂಡಲೇ ಎಲ್ಲ ಪಂಪೂ ಒಟ್ಟಿಗೆ ಜಗ್ಗುತ್ತವೆ. ವೋಲ್ಟೇಜು ಕುಸಿದು ಸುಡುವುದು ಯಾರ ಮೋಟಾರೋ.

ಆ ವಾರವೇ ಒಂದು ಟ್ರಾನ್ಸ್‌ಫಾರ್ಮರಿನ ಆರು ಮನೆಯವರು ಕೂತು ಪಾಳಿ ಹಾಕಿಕೊಂಡರು. ಎರಡು ತಿಂಗಳು ನಡೆಯಿತು. ಬಿಸಿಲೇರಿ ಬಾವಿ ಇಳಿದಮೇಲೆ ಪಾಳಿ ಮುರಿಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲ.

ಸೌದೆ ಹೊರುವ ಆಟವೂ ಇತ್ತು. ಹಸಿ ಸೌದೆಯ ಹೊರೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ ಎಂದು ಹೊತ್ತವರ ಕುತ್ತಿಗೆಗೆ ತಿಳಿಯಿತು. ಅಡಿಕೆ ಹಂಡೆಯ ಕೆಳಗೆ ಅದನ್ನೇ ತುರುಕಿ ಮೊದಲು ಆ ನೀರನ್ನು ಕುದಿಸುತ್ತೇವೆ. ಬೆಂಕೀಪುರವೆಂದು ಹಳೆಯ ಹೆಸರಿದ್ದ ಊರು ನಮ್ಮದು. ಕಬ್ಬಿಣದ ಕಾರ್ಖಾನೆಗಾಗಿ ಸುತ್ತಲಿನ ಕಾಡು ಇದ್ದಿಲಾದ ಕಥೆ ಕೇಳಿ ಬೆಳೆದ ನಾವೂ ಸೌದೆ ಒಣಗಿಸಿಡುವುದಿಲ್ಲ. ಪ್ರಶ್ನೆ ಬರೆದ ಚೀಟಿಯ ಆಟವನ್ನೂ ಇಟ್ಟಿದ್ದೆವು, ಅದು ಪೂರ್ತಿ ನೆಲಕಚ್ಚಿತು. ಪರೀಕ್ಷೆ ಬರೆಯಲು ಯಾರಿಗೂ ಇಷ್ಟವಿಲ್ಲ.

"ಇದೆಲ್ಲ ಮಕ್ಕಳಾಟ, ಸಂಘದ ಘನತೆಗೆ ಕಡಿಮೆ" ಎಂದು ನಿರ್ದೇಶಕರೊಬ್ಬರು ಸಭೆಯಲ್ಲಿ ಹೇಳಿದರು. ಮಂಡಿನೋವಿನ ಹಿರಿಯರು ಬಕೆಟ್ ಹಿಡಿಯಲಾರರು ಎಂಬ ಅವರ ಮಾತನ್ನು ಒಪ್ಪುತ್ತೇನೆ; ಅವರು ಗಡಿಯಾರ ಹಿಡಿದು ಎಣಿಸಲಿ. ಉಳಿದದ್ದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದ ಒಲೆ ನಾನು ಶಾಲೆಗೆ ಹೋಗುವ ಕಾಲಕ್ಕೆ ನಮ್ಮ ಮನೆಗೂ ಬಂತು. ಯಾರು ಎಷ್ಟು ಹೇಳಿದರೂ ನನ್ನ ಅಮ್ಮ ಜಗ್ಗಲಿಲ್ಲ. ಕೊನೆಗೆ ಪಕ್ಕದ ಮನೆಯವರು ಹಳೆ ಒಲೆಗೂ ಹೊಸ ಒಲೆಗೂ ತಕ್ಕಡಿಯಲ್ಲಿ ತೂಗಿದ ಒಂದೇ ಸಮ ಸೌದೆ ಕೊಟ್ಟು, ಎರಡರ ಮೇಲೂ ನೀರಿಟ್ಟು ಪಂದ್ಯ ಕಟ್ಟಿದರು. ಅಮ್ಮ ಸೋತಳು, ಮರುದಿನವೇ ಹಳೆ ಒಲೆ ಒಡೆಸಿದಳು. ಅದೂ ಆಟವೇ.

ಮಂಡಳಿಯ ಮುಂದೆ ನಾನಿಡುವ ಸಲಹೆ ಇಷ್ಟು. ಸದಸ್ಯರ ಶಿಕ್ಷಣಕ್ಕೆಂದು ತೆಗೆದಿಡುವ ಹಣ ಈ ವರ್ಷ ಶಾಮಿಯಾನಕ್ಕೆ ಹೋಗುವುದು ಬೇಡ. ಡಿಸೆಂಬರ್ 14ರ ಹಟವೂ ಬೇಡ. ಆಗ ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಬೇಯಿಸುವ ಒಲೆ, ಕಣ, ಯಾರಿಗೆ ಪುರುಸೊತ್ತು? ಪಂಪು ಮತ್ತು ಸ್ಪ್ರಿಂಕ್ಲರ್ ಶುರುವಾಗುವ ಮುಂಚೆ, ಜನವರಿ ಕೊನೆಯ ವಾರ ಒಂದು ಸಲ, ಪಾಳಿ ಮುರಿಯುವ ಮಾರ್ಚಿನಲ್ಲಿ ಇನ್ನೊಂದು ಸಲ ಆಡೋಣ. ಮನೆಯ ಹೆಂಗಸರೂ ಪಂಪು ಹಾಕುವ ಆಳುಗಳೂ ಬರಬೇಕು. ಸ್ವಿಚ್ಚು ಒತ್ತುವವರು ಅವರೇ. ಈ ಸಲ ಪೈಪಿನ ಆಟವೂ ಇದೆ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ದೂಡಲು ಹೋದರೆ ಘರ್ಷಣೆಯಲ್ಲಿ ಕಳೆಯುವ ಶಕ್ತಿ ಸುಮಾರು 30 ಪಟ್ಟು ಏರುತ್ತದೆ. ಹುಡುಗರು ಪಪ್ಪಾಯಿ ದಂಟಿನಲ್ಲೂ ಸಣ್ಣ ನಳಿಗೆಯಲ್ಲೂ ಊದಿ ತೋರಿಸುತ್ತಾರೆ. ಬರುವವರು ತಮ್ಮ ತೋಟದ ಹಳೆಯ ಫುಟ್‌ವಾಲ್ವ್ ಒಂದನ್ನು ತನ್ನಿ, ಕಸ ಕಟ್ಟಿಕೊಂಡದ್ದಾದರೂ ಪರವಾಗಿಲ್ಲ, ತೊಳೆಯದೆ ತನ್ನಿ.

— ಕಾರ್ಯದರ್ಶಿ